ಕಾರ್ಟೂನು ಕನ್ಯೆಯರ ಚುನಾವಣೆ

ಕಾರ್ಟೂನಿನ ಹುಡುಗಿಯರಿಗೂ ಚುನಾವಣೆಯೇ ಎಂದು ವಾಚಕರು ನಗಬಹುದು. ಜಪಾನಿನಲ್ಲಿ ಅದು ನಡೆದದ್ದುಂಟು. 2002ರಲ್ಲಿ ಅಂತರ್ಜಾಲದ ಮೇಲೆ ಆರಂಭವಾದ ಆ ಪಂದ್ಯದ ಹೆಸರು 'ಸೈಮೊಯೆ'. 'ಸೈ' ಎಂದರೆ ಅತ್ಯಂತ. 'ಮೊಯೆ' ಎಂದರೆ ಮೊಳಕೆಯೊಡೆಯುವುದು. ಮೆಚ್ಚಿನ ಪಾತ್ರವನ್ನು ಕಂಡೊಡನೆ ಮನದಲ್ಲಿ ಚಿಗುರುವ ಅಕ್ಕರೆಗೆ ಅಲ್ಲಿನ ತರುಣರು ಈ ಮಾತನ್ನು ಬಳಸುತ್ತಾರೆ. 'ಉರಿಯುವುದು' ಎಂಬ ಪದದ ಉಚ್ಚಾರವೂ ಅದೇ ಆದ್ದರಿಂದ ಶ್ಲೇಷೆಯ ಸೊಗಸೂ ಸೇರಿತು.

ಸುತ್ತು ಸುತ್ತಾಗಿ ಸೆಣಸಿ, ಕೊನೆಗೆ ಒಬ್ಬಳು ಗೆಲ್ಲುವಳು. ಮೊದಲ ವರ್ಷ ಗೆದ್ದವಳು 'ಕಾರ್ಡ್‌ಕ್ಯಾಪ್ಟರ್ ಸಕುರಾ' ಕಥೆಯ ಬಾಲಿಕೆ ಸಕುರಾ. ಮತದಾರನು ಮೊದಲು ಗುರುತಿನ ಸಂಕೇತವೊಂದನ್ನು ಪಡೆದು, ಬಳಿಕ ಪಾತ್ರದ ಹೆಸರನ್ನೂ ಕಥೆಯ ಹೆಸರನ್ನೂ ಕಂಸದೊಳಗೆ ಬರೆಯಬೇಕಾಗಿತ್ತು. ಒಬ್ಬನೇ ಹತ್ತು ಮತ ಹಾಕದಿರಲೆಂದು ಈ ಸಂಕೇತದ ಕಟ್ಟುಪಾಡು. ಪ್ರಚಾರಕ್ಕೆ 'ಶಿಯೆನ್', ಅಂದರೆ ಬೆಂಬಲ, ಎಂದು ಹೆಸರು. ಅಭಿಮಾನಿಗಳು ತಾವೇ ಚಿತ್ರ ಬರೆದು ಹಂಚುತ್ತಿದ್ದರು. ಮತದ ಜೊತೆಗೆ ಮೆಚ್ಚಿಕೆಯ ಕಾರಣವನ್ನು ಬರೆಯುವವರೂ ಇದ್ದರು. 2014ರ ಬಳಿಕ ಪಂದ್ಯ ನಿಂತಿತು.

ಗೆದ್ದವಳಿಗೆ ಸಿಂಹಾಸನವಿಲ್ಲ, ಮತದಾರನಿಗೆ ಲಾಭವಿಲ್ಲ. ಆದರೂ ಒಬ್ಬನಿಗೆ ಒಂದೇ ಮತವೆಂಬ ನಿಯಮವನ್ನು ಆಟದಲ್ಲೂ ಕಾಯಲು ಹೆಣಗಿದರು. ನಮ್ಮ ಮಕ್ಕಳು ಇಂಥ ಮತಕ್ಕೆ ಕುಳಿತರೆ ಗದರದೆ, "ಯಾರಿಗೆ? ಏಕೆ?" ಎಂದು ಕೇಳೋಣ. ಕಾರಣ ಹೇಳಿ ಮತ ಹಾಕುವ ಅಭ್ಯಾಸ ನಾಳಿನ ದೊಡ್ಡ ಚುನಾವಣೆಗೂ ಬೇಕಾದದ್ದೇ.