ಹಾಜರಿಗೊಂದು ಭೋಂಗಾ

ಕಲಬುರಗಿಯ ಎಂಎಸ್‌ಕೆ ಮಿಲ್ಲಿನ ಬಗ್ಗೆ ಹಳೆಯ ಕಾಗದಗಳಲ್ಲಿ ಓದಿದ್ದೆನೇ ಹೊರತು ಅಲ್ಲಿ ದುಡಿದವರ ಎದುರು ಕೂತಿರಲಿಲ್ಲ. ಅಲ್ಲಿ ಜಾಬರ್, ಅಂದರೆ ಕಾರ್ಮಿಕರ ಮೇಸ್ತ್ರಿ, ಆಗಿದ್ದ ಕಾಕಾ ಒಬ್ಬರು ಕಮಲಾಪುರದಲ್ಲಿದ್ದಾರೆಂದು ಗೊತ್ತಾದದ್ದೇ ತಡ, ಹುಮನಾಬಾದ್ ಬಸ್ ಹತ್ತಿದೆ. ಕೆಂಪು ಬಾಳೆಯ ತೋಟದ ಬದುವಿನ ಮೇಲೆ ಕೂತ ಕಾಕಾ ಪಗಾರದ ಮಾತೆತ್ತಲಿಲ್ಲ, ಬೀಗ ಬಿದ್ದ ದಿನದ ಮಾತೂ ಎತ್ತಲಿಲ್ಲ. ಶುರು ಮಾಡಿದ್ದೇ ಭೋಂಗಾದಿಂದ, ಅಂದರೆ ಮಿಲ್ಲಿನ ಸೈರನ್ನಿನಿಂದ.

“ಒಂದನೇದಕ್ಕ ಏಳೋದು, ಎರಡನೇದಕ್ಕ ಮನಿ ಬಿಡೋದು, ಮೂರನೇದಕ್ಕ ಗೇಟ್ ಬಂದ್. ಭೋಂಗಾ ಕೇಳಿ ಹೆಣ್ಮಕ್ಕಳು ಹಂಚಿನ ಮ್ಯಾಲ ರೊಟ್ಟಿ ಹಾಕ್ತಿದ್ರು ತಮ್ಮಾ.” ರಾತ್ರಿ ಪಾಳಿಯವರಿಗೂ ಅದೇ ಕೂಗೇ? ಹಬ್ಬದ ದಿನ? ನಾನು ಕೆದಕುತ್ತಲೇ ಹೋದೆ, ಅವರೂ ಬೇಸರಿಸಲಿಲ್ಲ. ಕೊನೆಗೆ ತಾವಾಗಿಯೇ ಹೇಳಿದರು: “ಕಡೀ ಕಡೀಗೆ ಹತ್ತಿನೇ ಬರ್ತಿರಲಿಲ್ಲ. ಭೋಂಗಾ ಮಾತ್ರ ತಪ್ಪಲಿಲ್ಲ. ಹಾಜರಿ ಹಾಕಿ ಸುಮ್ಮ ಕೂಡ್ತಿದ್ವಿ. ಕೆಲಸ ಮಾಡಲಾರದೆ ಪಗಾರ ತಗೊಂಡ್ರ ಕೈ ಭಾರ ಆಗ್ತಾವ.”

ಇತಿಹಾಸ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಹೆಸರು ಹೊತ್ತು 1880ರ ದಶಕದಲ್ಲಿ ಎದ್ದ ಮಿಲ್ ಇದು. ಖಾಸಗಿ ಆಡಳಿತದಲ್ಲಿ ಸೊರಗಿದ ಮೇಲೆ, 1974ರ ಕಾಯ್ದೆ ದೇಶದ 103 ರೋಗಗ್ರಸ್ತ ಗಿರಣಿಗಳೊಡನೆ ಇದನ್ನೂ ರಾಷ್ಟ್ರೀಯ ಜವಳಿ ನಿಗಮದ ಮಡಿಲಿಗೆ ಹಾಕಿತು. ಹಳೆಯ ಯಂತ್ರ, ದುಡಿಯುವ ಬಂಡವಾಳದ ಕೊರತೆ, ಏರುತ್ತಲೇ ಹೋದ ನಷ್ಟ. 1990ರ ದಶಕದ ಆರಂಭಕ್ಕೆ ನಿಗಮದ ಒಂಬತ್ತು ಅಂಗಸಂಸ್ಥೆಗಳ ಪೈಕಿ ಎಂಟು, ರೋಗಗ್ರಸ್ತ ಉದ್ಯಮಗಳ ಪುನಶ್ಚೇತನ ನೋಡಿಕೊಳ್ಳುತ್ತಿದ್ದ ಬಿಐಎಫ್‌ಆರ್ ಮಂಡಳಿಯ ಮೆಟ್ಟಿಲೇರಿದ್ದವು. ಅದೇ ದಶಕದಲ್ಲಿ ಕಲಬುರಗಿಯ ಗೇಟೂ ಮುಚ್ಚಿತು. ಈಗ ಎಂಎಸ್‌ಕೆ ಮಿಲ್ ಎಂದರೆ ಆಟೋದವರಿಗೆ ಒಂದು ಬಡಾವಣೆ.

“ಕಾರ್ಮಿಕರ ಮೈಗಳ್ಳತನವೇ ಮಿಲ್ಲನ್ನು ನುಂಗಿತು” ಎನ್ನುವವರು ಊರಲ್ಲಿ ಇನ್ನೂ ಇದ್ದಾರೆ. ಮೂರನೇ ಭೋಂಗಾಕ್ಕೆ ಮೊದಲೇ ಗೇಟಿನೊಳಗಿರುತ್ತಿದ್ದವರನ್ನು ಕಂಡ ಮೇಲೆ ನನಗಂತೂ ಅದು ಒಪ್ಪಿಗೆಯಿಲ್ಲ. ಮಿಲ್ಲಿನ ಹೊಣೆ ಹೊತ್ತಿದ್ದ ನಿಗಮದ ಅಂಗಸಂಸ್ಥೆಯ ಕಚೇರಿ ಇದ್ದದ್ದು ಬೆಂಗಳೂರಿನಲ್ಲಿ, ಅದರ ಮೇಲಿನವರು ದೆಹಲಿಯಲ್ಲಿ. ಹತ್ತಿ ಕೊಳ್ಳಲು ದುಡ್ಡು ಕೊಡುವವರಿಗೆ ಖಾಲಿ ಕೂತವರ ಮುಖ ಕಾಣುತ್ತಿರಲಿಲ್ಲ. ಮುಖ ಕಾಣುತ್ತಿದ್ದ ಜಾಬರ್ ಕೈಯಲ್ಲಿ ದುಡ್ಡಿರಲಿಲ್ಲ. ಮನಸ್ಸು ಕುಗ್ಗಲು ಇನ್ನೇನು ಬೇಕು? ಸಂಬಳ ಏರಿಸಿ ಇದನ್ನು ಸರಿಮಾಡಲಾಗದು.

2023ರ ಮಾರ್ಚ್‌ನಲ್ಲಿ ಕೇಂದ್ರ ಘೋಷಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕ್‌ಗಳಲ್ಲಿ ಕಲಬುರಗಿಯೂ ಒಂದು. ಆ ಸುದ್ದಿ ಹೇಳಿದಾಗ ಕಾಕಾ ಖುಷಿಪಟ್ಟರು. ಎಲ್ಲರೂ ಎಷ್ಟು ನೌಕರಿ, ಎಷ್ಟು ಕೋಟಿ ಎಂದು ಕೇಳುತ್ತಾರೆ, ಅವರು ಕೇಳಿದ್ದು ಒಂದೇ: “ಸಹಿ ಹಾಕೋ ಸಾಹೇಬ್ರು ಎಲ್ಲಿ ಕೂಡ್ತಾರಂತ?”