ಗೃಹ ಬಳಕೆದಾರರಿಗೆ ಮಾಹಿತಿ: ಅನಿರೀಕ್ಷಿತ ವಿದ್ಯುತ್ ವ್ಯತ್ಯಯಕ್ಕೆ ಪೂರ್ವಸಿದ್ಧತೆ

ಪೀಠಿಕೆ

ಮನೆಯ ವಿದ್ಯುತ್ ಸರಬರಾಜು ಏಕಾಏಕಿ ನಿಂತಾಗ ದೀಪದೊಂದಿಗೆ ನೀರಿನ ಪಂಪು, ಶೀತಕಪೆಟ್ಟಿಗೆ, ದೂರವಾಣಿಯ ಚಾರ್ಜಿಂಗ್, ಬಹುಮಹಡಿ ಕಟ್ಟಡಗಳ ಲಿಫ್ಟ್ ಹಾಗೂ ಕೆಲವು ಮನೆಗಳಲ್ಲಿ ರೋಗಿಯ ಉಸಿರಾಟದ ಯಂತ್ರವೂ ನಿಲ್ಲುತ್ತವೆ. ಮುಂಚಿತವಾಗಿ ಸಿದ್ಧತೆ ಮಾಡಿಕೊಂಡ ಮನೆಯಲ್ಲಿ ಇದು ಕೆಲವು ಗಂಟೆಗಳ ಅನನುಕೂಲವಾಗಿ ಕಳೆಯುತ್ತದೆ. ಸಿದ್ಧತೆಯಿಲ್ಲದಿದ್ದಲ್ಲಿ ಪ್ರಾಣಾಪಾಯಕ್ಕೂ ಎಡೆಯಾಗಬಹುದು. ಈ ಹಿನ್ನೆಲೆಯಲ್ಲಿ ವ್ಯತ್ಯಯಕ್ಕೆ ಕಾರಣಗಳು, ಮನೆಯಲ್ಲಿ ಕೈಗೊಳ್ಳಬೇಕಾದ ಕ್ರಮಗಳು ಮತ್ತು ದೂರು ದಾಖಲಿಸುವ ವಿಧಾನವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ವಿದ್ಯುತ್ ವ್ಯತ್ಯಯಕ್ಕೆ ಕಾರಣಗಳು

ಕರ್ನಾಟಕದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳ ಗುಡುಗು ಸಹಿತ ಗಾಳಿಮಳೆ ಹಾಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಅವಧಿಯಲ್ಲಿ ವ್ಯತ್ಯಯಗಳು ಹೆಚ್ಚು. ಮಲೆನಾಡು ಮತ್ತು ಕರಾವಳಿಯಲ್ಲಿ ಮರದ ಕೊಂಬೆಗಳು ಮಾರ್ಗದ ಮೇಲೆ ಬೀಳುವುದು, ಕಂಬಗಳು ವಾಲುವುದು ಸಾಮಾನ್ಯ. ಬೇಸಿಗೆಯಲ್ಲಿ ಅಧಿಕ ಹೊರೆಯಿಂದ ವಿತರಣಾ ಪರಿವರ್ತಕಗಳು ಕೆಡುವುದುಂಟು. ಇವಲ್ಲದೆ ಮಾರ್ಗಗಳ ನಿರ್ವಹಣೆಗಾಗಿ ಪೂರ್ವಪ್ರಕಟಣೆ ನೀಡಿ ಸರಬರಾಜನ್ನು ನಿಲ್ಲಿಸಲಾಗುತ್ತದೆ.

ಅಪರೂಪಕ್ಕೆ ದೋಷವು ಬಹು ದೂರದಲ್ಲಿಯೂ ಹುಟ್ಟಬಹುದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿದು, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಜಾಲಗಳೂ ಸ್ಥಗಿತಗೊಂಡವು. ದಕ್ಷಿಣದ ಜಾಲವು ಆಗ ಅವುಗಳೊಡನೆ ಏಕಕಾಲಿಕವಾಗಿ ಬೆಸೆದುಕೊಂಡಿರಲಿಲ್ಲವಾದ್ದರಿಂದ ಕರ್ನಾಟಕವು ಬಾಧಿತವಾಗಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲವೂ ರಾಷ್ಟ್ರೀಯ ಜಾಲದಲ್ಲಿ ಸೇರಿತು. ಇದರಿಂದ ಕೊರತೆಯ ಕಾಲದಲ್ಲಿ ವಿದ್ಯುತ್ತನ್ನು ತರಿಸಿಕೊಳ್ಳುವುದು ಸುಲಭವಾಗಿದೆ. ಆದರೆ ಜಾಲದ ದೊಡ್ಡ ದೋಷಗಳ ಪರಿಣಾಮವೂ ಹಂಚಿಕೆಯಾಗುತ್ತದೆ. ಆದ್ದರಿಂದ ಯಾವ ಊರಿನ ಗ್ರಾಹಕರೂ ಸಿದ್ಧತೆಯನ್ನು ಅನಗತ್ಯವೆಂದು ಭಾವಿಸುವಂತಿಲ್ಲ.

2. ಮನೆಯಲ್ಲಿ ಇರಿಸಿಕೊಳ್ಳಬೇಕಾದ ವಸ್ತುಗಳು

ಈ ಕೆಳಕಂಡ ವಸ್ತುಗಳನ್ನು ಒಂದೇ ಪೆಟ್ಟಿಗೆಯಲ್ಲಿ, ಕತ್ತಲಲ್ಲಿಯೂ ಕೈಗೆ ಸಿಗುವ ನಿಶ್ಚಿತ ಸ್ಥಳದಲ್ಲಿ ಇಡುವುದು ಸೂಕ್ತ. ಸ್ಥಳವು ಮನೆಯ ಎಲ್ಲ ಸದಸ್ಯರಿಗೂ ತಿಳಿದಿರಬೇಕು.

ಅ) ಎರಡು ಟಾರ್ಚ್‌ಗಳು ಮತ್ತು ಹೆಚ್ಚುವರಿ ಸೆಲ್‌ಗಳು, ಅಥವಾ ಚಾರ್ಜ್ ಮಾಡಬಹುದಾದ ತುರ್ತು ದೀಪ.
ಆ) ಪೂರ್ಣ ಚಾರ್ಜ್ ಆಗಿರುವ ಪವರ್ ಬ್ಯಾಂಕ್ ಮತ್ತು ಕೇಬಲ್.
ಇ) ಪ್ರಥಮ ಚಿಕಿತ್ಸಾ ಸಾಮಗ್ರಿ ಹಾಗೂ ನಿತ್ಯ ಸೇವಿಸುವ ಔಷಧಿಗಳು.
ಈ) ಸ್ವಲ್ಪ ನಗದು ಹಣ. ದೀರ್ಘ ವ್ಯತ್ಯಯದಲ್ಲಿ ಮೊಬೈಲ್ ಸಂಪರ್ಕ ಕಡಿದುಹೋಗಿ ಆನ್‌ಲೈನ್ ಪಾವತಿ ಸಾಧ್ಯವಾಗದಿರಬಹುದು.
ಉ) ವಿದ್ಯುತ್ ಬಿಲ್ಲಿನ ಒಂದು ಪ್ರತಿ ಮತ್ತು ಮುಖ್ಯ ದೂರವಾಣಿ ಸಂಖ್ಯೆಗಳನ್ನು ಬರೆದ ಹಾಳೆ.

ಮೇಣದಬತ್ತಿ ಮತ್ತು ಎಣ್ಣೆದೀಪಗಳಿಂದ ಬೆಂಕಿ ಅನಾಹುತ ಸಂಭವಿಸುವುದರಿಂದ ಅವುಗಳನ್ನು ಕೊನೆಯ ಆಯ್ಕೆಯಾಗಿ ಮಾತ್ರ ಬಳಸತಕ್ಕದ್ದು. ಪರದೆ, ಹಾಸಿಗೆ ಮತ್ತು ಅಡುಗೆ ಅನಿಲದ ಸಿಲಿಂಡರಿನ ಬಳಿ ಅವುಗಳನ್ನು ಇಡಬಾರದು, ಉರಿಯುತ್ತಿರುವಾಗ ಮಲಗಬಾರದು.

3. ನೀರು ಮತ್ತು ಆಹಾರ

ಕೊಳವೆಬಾವಿ ಅಥವಾ ನೆಲತೊಟ್ಟಿಯಿಂದ ನೀರೆತ್ತುವ ಮನೆಗಳಲ್ಲಿ ಮೇಲಿನ ತೊಟ್ಟಿಯನ್ನು ಪ್ರತಿದಿನ ತುಂಬಿಡುವ ಅಭ್ಯಾಸವಿರಲಿ. ಕುಡಿಯಲು ಮತ್ತು ಅಡುಗೆಗೆ ಪ್ರತಿಯೊಬ್ಬರಿಗೆ ದಿನಕ್ಕೆ ಕನಿಷ್ಠ 3 ಲೀಟರ್ ಶುದ್ಧ ನೀರನ್ನು ಮುಚ್ಚಿದ ಪಾತ್ರೆಯಲ್ಲಿ ಸಂಗ್ರಹಿಸಬೇಕು. ವಿದ್ಯುತ್ ಚಾಲಿತ ಶುದ್ಧೀಕರಣ ಯಂತ್ರವನ್ನು ಅವಲಂಬಿಸಿದವರು ನೀರನ್ನು ಕುದಿಸಿ ಆರಿಸಿ ಕುಡಿಯಬಹುದು.

ಬಾಗಿಲು ತೆರೆಯದಿದ್ದಲ್ಲಿ ಫ್ರಿಜ್‌ನ ತಂಪು ಸುಮಾರು 4 ಗಂಟೆ ಉಳಿಯುತ್ತದೆ. ಪೂರ್ತಿ ತುಂಬಿದ ಪ್ರತ್ಯೇಕ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ತಂಪನ್ನು ಹಿಡಿದಿಡುತ್ತದೆ. ತಂಪು ಹೋದ ಬಳಿಕ 2 ಗಂಟೆಗೂ ಮೀರಿ ಉಳಿದ ಹಾಲು, ಮಾಂಸ, ಮೀನು, ಅನ್ನ ಹಾಗೂ ಬೇಯಿಸಿದ ಪದಾರ್ಥಗಳನ್ನು ಬಳಸಬಾರದು. ಹಳಸಿದ ಅನ್ನದಲ್ಲಿ ಉಂಟಾಗುವ ಒಂದು ಬಗೆಯ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ವಾಸನೆ ನೋಡಿ ಅಥವಾ ರುಚಿ ನೋಡಿ ನಿರ್ಧರಿಸುವುದು ಸುರಕ್ಷಿತವಲ್ಲ.

4. ರೋಗಿಗಳಿರುವ ಮನೆಗಳಿಗೆ ವಿಶೇಷ ಸೂಚನೆ

ಆಮ್ಲಜನಕ ಸಾಂದ್ರಕವನ್ನು ಬಳಸುವ ರೋಗಿಗಳ ಮನೆಯವರು ಇನ್ವರ್ಟರ್ ಒಂದನ್ನೇ ನಂಬಿರಬಾರದು. ನಿಮಿಷಕ್ಕೆ 5 ಲೀಟರ್ ಸಾಮರ್ಥ್ಯದ ಸಾಂದ್ರಕವು ಸಾಮಾನ್ಯವಾಗಿ 300ರಿಂದ 400 ವ್ಯಾಟ್ ವಿದ್ಯುತ್ ಬಳಸುತ್ತದೆ. ಸಾಧಾರಣ ಗೃಹ ಬ್ಯಾಟರಿಯು ಇದನ್ನು ಸುಮಾರು 3 ಗಂಟೆ ಮಾತ್ರ ನಡೆಸಬಲ್ಲದು. ಆದ್ದರಿಂದ ತುಂಬಿದ ಆಮ್ಲಜನಕ ಸಿಲಿಂಡರ್, ಅದಕ್ಕೆ ಹೊಂದುವ ರೆಗ್ಯುಲೇಟರ್ ಮತ್ತು ನಳಿಕೆಯನ್ನು ಸಿದ್ಧವಾಗಿಡಬೇಕು. ಸುಮಾರು 1,500 ಲೀಟರ್ ಅನಿಲ ಹಿಡಿಯುವ ಸಿಲಿಂಡರ್, ನಿಮಿಷಕ್ಕೆ 2 ಲೀಟರ್ ಪ್ರಮಾಣದಲ್ಲಿ ಸುಮಾರು 12 ಗಂಟೆ ಬರುತ್ತದೆ. ಯಂತ್ರದಿಂದ ಸಿಲಿಂಡರಿಗೆ ಬದಲಾಯಿಸುವ ಕ್ರಮವನ್ನು ಮನೆಯ ಕನಿಷ್ಠ ಇಬ್ಬರು ಹಗಲಿನಲ್ಲಿಯೇ ಅಭ್ಯಾಸ ಮಾಡಿರಬೇಕು. ಆಮ್ಲಜನಕ ಬಳಸುವ ಕೋಣೆಯಲ್ಲಿ ಮೇಣದಬತ್ತಿ, ಊದುಬತ್ತಿ ಅಥವಾ ಯಾವುದೇ ಉರಿಯನ್ನು ಹಚ್ಚತಕ್ಕದ್ದಲ್ಲ.

ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾಗುತ್ತದೆ. ಬಳಕೆಯಲ್ಲಿರುವ ಹೆಚ್ಚಿನ ಬಗೆಯ ಇನ್ಸುಲಿನ್ 30 ಡಿಗ್ರಿ ಮೀರದ ತಂಪಾದ ಜಾಗದಲ್ಲಿ ಸುಮಾರು 4 ವಾರ ಕೆಡುವುದಿಲ್ಲ. ದೀರ್ಘ ವ್ಯತ್ಯಯದಲ್ಲಿ ನೀರು ತಾಗದಂತೆ ಸೀಸೆಯನ್ನು ಮುಚ್ಚಿ, ತೇವವಾಗಿರುವ ಮಣ್ಣಿನ ಮಡಕೆಯಲ್ಲಿ ಇರಿಸಬಹುದು. ನೇರವಾಗಿ ಮಂಜುಗಡ್ಡೆಯ ಮೇಲೆ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಉಪಯೋಗಕ್ಕೆ ಬಾರದು. ಸಂದೇಹವಿದ್ದಲ್ಲಿ ವೈದ್ಯರ ಸಲಹೆ ಪಡೆಯುವುದು. ರೋಗಿಯ ಸ್ಥಿತಿ ಗಂಭೀರವಾದಲ್ಲಿ ವಿದ್ಯುತ್ ಬರುವವರೆಗೆ ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು.

5. ಇನ್ವರ್ಟರ್, ಜನರೇಟರ್ ಮತ್ತು ಸೌರ ಘಟಕ

ಇನ್ವರ್ಟರ್ ಎಷ್ಟು ಹೊತ್ತು ನಡೆಯುತ್ತದೆ ಎಂಬುದನ್ನು ಗ್ರಾಹಕರೇ ಲೆಕ್ಕ ಹಾಕಬಹುದು. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯ ಒಟ್ಟು ಸಾಮರ್ಥ್ಯ 1,800 ವ್ಯಾಟ್-ಗಂಟೆ. ನಷ್ಟಗಳನ್ನು ಕಳೆದು, ಬ್ಯಾಟರಿ ಪೂರ್ತಿ ಬರಿದಾಗದಂತೆ ಬಳಸಿದಲ್ಲಿ ಸುಮಾರು 1,080 ವ್ಯಾಟ್-ಗಂಟೆ ಸಿಗುತ್ತದೆ ಎಂದಿಟ್ಟುಕೊಳ್ಳಬಹುದು. 9 ವ್ಯಾಟ್‌ನ 4 ಎಲ್‌ಇಡಿ ದೀಪ (36), 75 ವ್ಯಾಟ್‌ನ 2 ಸಾಧಾರಣ ಫ್ಯಾನ್ (150) ಮತ್ತು ಇಂಟರ್‌ನೆಟ್ ರೂಟರ್ (10) ಸೇರಿ ಹೊರೆ 196 ವ್ಯಾಟ್ ಆಗುತ್ತದೆ. ಇದು ಸುಮಾರು 5 ಗಂಟೆ 30 ನಿಮಿಷ ನಡೆಯುತ್ತದೆ. ಅದೇ ಫ್ಯಾನ್‌ಗಳ ಬದಲಿಗೆ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗಳಿದ್ದಲ್ಲಿ ಹೊರೆ 106 ವ್ಯಾಟ್‌ಗೆ ಇಳಿದು ಸುಮಾರು 10 ಗಂಟೆ ದೊರೆಯುತ್ತದೆ. ದೊಡ್ಡ ಬ್ಯಾಟರಿ ಕೊಳ್ಳುವುದಕ್ಕೆ ಮೊದಲು ಹೊರೆ ತಗ್ಗಿಸುವುದು ಮಿತವ್ಯಯದ ದಾರಿ.

ಸೀಸ-ಆಮ್ಲ ಬ್ಯಾಟರಿಯು ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುವುದರಿಂದ ಅದನ್ನು ಗಾಳಿಯಾಡುವ ಜಾಗದಲ್ಲಿ ಇಡಬೇಕು. ನೀರು ಹಾಕುವ ಬಗೆಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ತುಂಬಬೇಕು.

ಜನರೇಟರನ್ನು ಮನೆಯೊಳಗೆ, ಮುಚ್ಚಿದ ವರಾಂಡದಲ್ಲಿ ಅಥವಾ ಕಿಟಕಿಯ ಬಳಿ ನಡೆಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರು ಎಚ್ಚರಗೊಳ್ಳದೆಯೇ ಸಾವನ್ನಪ್ಪಬಹುದು. ಜನರೇಟರಿನ ತಂತಿಯನ್ನು ಮನೆಯ ಪ್ಲಗ್‌ಗೆ ನೇರವಾಗಿ ಜೋಡಿಸುವುದು ಇನ್ನೂ ಅಪಾಯಕಾರಿ. ಹಾಗೆ ಮಾಡಿದಲ್ಲಿ ವಿದ್ಯುತ್ತು ಮೀಟರಿನ ಮೂಲಕ ಹಿಮ್ಮುಖವಾಗಿ ಹರಿದು, ಬೀದಿಯ ಪರಿವರ್ತಕದಲ್ಲಿ 11,000 ವೋಲ್ಟ್‌ವರೆಗೆ ಏರಿ, ಮಾರ್ಗ ನಿಶ್ಚಲವಾಗಿದೆಯೆಂದು ಕಂಬವೇರಿದ ಮಾರ್ಗದಾಳುವಿನ ಪ್ರಾಣಕ್ಕೆ ಎರವಾಗಬಹುದು. ಎರಡೂ ಮೂಲಗಳು ಒಮ್ಮೆಗೇ ಸೇರದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ಚನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಅಳವಡಿಸಿಕೊಳ್ಳತಕ್ಕದ್ದು.

2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ ಮೇಲ್ಛಾವಣಿ ಸೌರ ಘಟಕಕ್ಕೆ ಅರ್ಜಿ ಸಲ್ಲಿಸುವವರು ಒಂದು ಅಂಶವನ್ನು ಗಮನಿಸಬೇಕು. ಬ್ಯಾಟರಿಯಿಲ್ಲದ, ಜಾಲಕ್ಕೆ ಜೋಡಿಸಿದ ಘಟಕವು ಬೀದಿಯ ವಿದ್ಯುತ್ ನಿಂತೊಡನೆ ತಾನೂ ನಿಲ್ಲುತ್ತದೆ. ಇದು ದೋಷವಲ್ಲ, ಮಾರ್ಗದಾಳುಗಳ ರಕ್ಷಣೆಗಾಗಿ ಮಾಡಿರುವ ವ್ಯವಸ್ಥೆ. ವ್ಯತ್ಯಯದ ವೇಳೆಯಲ್ಲಿಯೂ ವಿದ್ಯುತ್ ಬೇಕಾದವರು ಬ್ಯಾಟರಿ ಸಹಿತ ಘಟಕದ ಬಗ್ಗೆ ಅರ್ಜಿಗೆ ಮೊದಲೇ ವಿಚಾರಿಸುವುದು.

6. ವಿದ್ಯುತ್ ನಿಂತಾಗ ಅನುಸರಿಸಬೇಕಾದ ಕ್ರಮ

ಅ) ಮೊದಲು ಅಕ್ಕಪಕ್ಕದ ಮನೆಗಳನ್ನು ಗಮನಿಸಬೇಕು. ಅಲ್ಲಿ ದೀಪವಿದ್ದಲ್ಲಿ ದೋಷವು ಸ್ವಂತ ಮನೆಯಲ್ಲಿ ಅಥವಾ ಕಂಬದಿಂದ ಮನೆಗೆ ಬರುವ ತಂತಿಯಲ್ಲಿರುತ್ತದೆ.
ಆ) ಒಣಗಿದ ಕೈಯಿಂದ ಎಂಸಿಬಿ ಅಥವಾ ಇಎಲ್‌ಸಿಬಿಯನ್ನು ಒಮ್ಮೆ ಮೇಲೆತ್ತಬಹುದು. ಮತ್ತೆ ಬಿದ್ದಲ್ಲಿ ಬಲವಂತವಾಗಿ ಹಿಡಿದಿಡದೆ ಅರ್ಹ ಇಲೆಕ್ಟ್ರೀಷಿಯನ್ ಅನ್ನು ಕರೆಸಬೇಕು. ಅದು ಬೀಳುತ್ತಿರುವುದು ಯಾರನ್ನೋ ರಕ್ಷಿಸುವುದಕ್ಕಾಗಿ.
ಇ) ಕೆಲವು ದೀಪಗಳು ಅತಿ ಪ್ರಖರವಾಗಿಯೂ ಕೆಲವು ಮಂದವಾಗಿಯೂ ಉರಿದಲ್ಲಿ ನ್ಯೂಟ್ರಲ್ ತಂತಿ ಕಡಿದಿರುವ ಸಂಭವವುಂಟು. ಆಗ 230 ವೋಲ್ಟ್‌ಗಿಂತ ಬಹಳ ಹೆಚ್ಚಿನ ಒತ್ತಡ ಮನೆಯೊಳಗೆ ಬರಬಹುದಾದ್ದರಿಂದ ಕೂಡಲೇ ಮುಖ್ಯ ಸ್ವಿಚ್ಚನ್ನು ಆರಿಸಬೇಕು.
ಈ) ಫ್ರಿಜ್, ಟಿ.ವಿ., ಪಂಪು ಮೊದಲಾದವುಗಳ ಸ್ವಿಚ್ ಆರಿಸಿ, ಒಂದು ದೀಪದ ಸ್ವಿಚ್ಚನ್ನು ಮಾತ್ರ ಹಾಕಿಡಬೇಕು. ವಿದ್ಯುತ್ ಮರಳಿದ 5 ನಿಮಿಷಗಳ ನಂತರ ಉಪಕರಣಗಳನ್ನು ಒಂದೊಂದಾಗಿ ಚಾಲನೆ ಮಾಡುವುದು.
ಉ) ಕಂಬವೇರುವುದು, ಪರಿವರ್ತಕದ ಫ್ಯೂಸ್ ಮುಟ್ಟುವುದು, ಕೋಲಿನಿಂದ ತಂತಿ ತಳ್ಳುವುದು ಸರ್ವಥಾ ನಿಷಿದ್ಧ.
ಊ) ತುಂಡಾಗಿ ಬಿದ್ದ ತಂತಿಯಲ್ಲಿ ವಿದ್ಯುತ್ ಇದೆಯೆಂದೇ ಭಾವಿಸಬೇಕು. ಕನಿಷ್ಠ 10 ಮೀಟರ್ ದೂರ ನಿಂತು, ಮಕ್ಕಳು ಹಾಗೂ ಜಾನುವಾರುಗಳು ಸಮೀಪಿಸದಂತೆ ತಡೆದು, ತಕ್ಷಣ ತಿಳಿಸಬೇಕು. ತಂತಿ ಬಿದ್ದ ನೀರಿನಲ್ಲಿ ಕಾಲಿಡಬಾರದು.

7. ದೂರು ದಾಖಲಿಸುವ ವಿಧಾನ

ರಾಜ್ಯದಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಮತ್ತು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಗಳು ವಿದ್ಯುತ್ ವಿತರಿಸುತ್ತವೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಭಾಗದಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ತಮ್ಮ ಸರಬರಾಜುದಾರರು ಯಾರೆಂಬುದು ಬಿಲ್ಲಿನ ಮೇಲ್ಭಾಗದಲ್ಲಿರುತ್ತದೆ. ವಿದ್ಯುತ್ ದೂರುಗಳಿಗೆ ಸಹಾಯವಾಣಿ ಸಂಖ್ಯೆ 1912. ಬೆಂಕಿ ಅಥವಾ ಪ್ರಾಣಾಪಾಯವಿದ್ದಲ್ಲಿ 112ಕ್ಕೆ ಕರೆ ಮಾಡುವುದು.

ಕರೆ ಮಾಡುವಾಗ ಆರ್.ಆರ್. ಸಂಖ್ಯೆ, ವಿಳಾಸ ಮತ್ತು ಗುರುತಿನ ಸ್ಥಳ, ವಿದ್ಯುತ್ ನಿಂತ ಸಮಯ, ತೊಂದರೆ ಒಂದು ಮನೆಯದೋ ಇಡೀ ಬೀದಿಯದೋ ಎಂಬ ವಿವರ, ತಂತಿ ಬಿದ್ದಿರುವುದು ಅಥವಾ ಕಿಡಿ ಕಂಡಿರುವುದನ್ನು ತಿಳಿಸಬೇಕು. ದೂರಿನ ಸಂಖ್ಯೆ ಹಾಗೂ ವೇಳೆಯನ್ನು ಬರೆದಿಟ್ಟುಕೊಳ್ಳುವುದು ಅಗತ್ಯ. ಮುಂದಿನ ಎಲ್ಲ ಹಂತಗಳಿಗೂ ಅದೇ ಆಧಾರ.

2020ರ ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳಂತೆ, ಪೂರ್ವನಿಗದಿತ ನಿಲುಗಡೆಯನ್ನು ಗ್ರಾಹಕರಿಗೆ ಮುಂಚಿತವಾಗಿಯೂ, ಅನಿರೀಕ್ಷಿತ ವ್ಯತ್ಯಯವನ್ನು ಸರಿಪಡಿಸುವ ಅಂದಾಜು ಸಮಯದೊಂದಿಗೆ ಎಸ್‌ಎಂಎಸ್ ಮುಂತಾದ ವಿಧಾನಗಳಿಂದಲೂ ತಿಳಿಸಬೇಕಾಗಿದೆ. ಈ ಸಂದೇಶಗಳು ತಲುಪಬೇಕಾದಲ್ಲಿ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆಯು ಆರ್.ಆರ್. ಸಂಖ್ಯೆಗೆ ನೋಂದಣಿಯಾಗಿರಬೇಕು. ಬಾಡಿಗೆದಾರರು ಮನೆ ಮಾಲೀಕರ ಹಳೆಯ ಸಂಖ್ಯೆಯೇ ದಾಖಲೆಯಲ್ಲಿದೆಯೇ ಎಂಬುದನ್ನು ಉಪವಿಭಾಗ ಕಚೇರಿಯಲ್ಲಿ ಪರಿಶೀಲಿಸಿಕೊಳ್ಳುವುದು ಒಳಿತು.

ಬಿಲ್ಲು ಬಾಕಿಯ ಕಾರಣದಿಂದ ಸಂಪರ್ಕ ಕಡಿತಗೊಳಿಸುವ ಮೊದಲು, ವಿದ್ಯುಚ್ಛಕ್ತಿ ಅಧಿನಿಯಮ 2003ರ 56ನೇ ಪ್ರಕರಣದಂತೆ ಕನಿಷ್ಠ 15 ಪೂರ್ಣ ದಿನಗಳ ಲಿಖಿತ ನೋಟೀಸು ನೀಡಬೇಕು. ಅದೇ ಅಧಿನಿಯಮದ 57ನೇ ಪ್ರಕರಣದಡಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ದೋಷ ನಿವಾರಣೆಯ ಕಾಲಮಿತಿಗಳನ್ನು ನಿಗದಿಪಡಿಸುತ್ತದೆ; ಅವುಗಳನ್ನು ಪಾಲಿಸದಿದ್ದಲ್ಲಿ ಗ್ರಾಹಕರಿಗೆ ಪರಿಹಾರ ಸಲ್ಲುತ್ತದೆ. ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರರಿಗೆ ಲಿಖಿತ ದೂರು ನೀಡಿಯೂ ಪರಿಹಾರ ದೊರೆಯದಿದ್ದಲ್ಲಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ಅದರ ಆದೇಶ ತೃಪ್ತಿ ತರದಿದ್ದಲ್ಲಿ ವಿದ್ಯುತ್ ಓಂಬಡ್ಸ್‌ಮನ್ ಅವರಿಗೂ ಮೊರೆ ಹೋಗಬಹುದು.

8. ನಿಯತ ಪರಿಶೀಲನೆ

ಪ್ರತಿ ತಿಂಗಳು ವಿದ್ಯುತ್ ಬಿಲ್ಲು ಕೈಸೇರಿದ ದಿನವೇ ಟಾರ್ಚ್ ಹಚ್ಚಿ ನೋಡುವುದು, ಪವರ್ ಬ್ಯಾಂಕ್ ಚಾರ್ಜ್ ಮಾಡುವುದು, ಇಎಲ್‌ಸಿಬಿಯ ಪರೀಕ್ಷಾ ಗುಂಡಿ ಒತ್ತಿ ಅದು ಬೀಳುವುದೇ ಎಂದು ಖಚಿತಪಡಿಸಿಕೊಳ್ಳುವುದು, ಬ್ಯಾಟರಿಯ ನೀರಿನ ಮಟ್ಟ ಮತ್ತು ಆಮ್ಲಜನಕ ಸಿಲಿಂಡರಿನ ಒತ್ತಡ ನೋಡುವುದು ಇವಿಷ್ಟನ್ನು ರೂಢಿಸಿಕೊಂಡಲ್ಲಿ ಪ್ರತ್ಯೇಕವಾಗಿ ನೆನಪಿಡುವ ಅಗತ್ಯ ಬೀಳದು. ಮೇ ಅಂತ್ಯದೊಳಗೆ, ಅಂದರೆ ಮುಂಗಾರಿಗೆ ಮುನ್ನ, ಮನೆಯ ಬಳಿಯ ತಂತಿಗಳಿಗೆ ತಾಗುವ ಕೊಂಬೆಗಳಿದ್ದಲ್ಲಿ ತಾವೇ ಕಡಿಯದೆ ಶಾಖಾ ಕಚೇರಿಗೆ ತಿಳಿಸಬೇಕು. ವಾಲಿದ ಕಂಬ, ಜೋತುಬಿದ್ದ ತಂತಿ ಮತ್ತು ಮುಚ್ಚಳವಿಲ್ಲದ ಪೆಟ್ಟಿಗೆಗಳ ಕುರಿತು ಸಕಾಲದಲ್ಲಿ ನೀಡುವ ಒಂದು ದೂರು, ಇಡೀ ಬೀದಿಯ ಮನೆಗಳನ್ನು ಕತ್ತಲೆಯಿಂದಲೂ ಅಪಘಾತದಿಂದಲೂ ಕಾಪಾಡಬಲ್ಲದು. ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.