ಒಬ್ಬನೇ ನಡೆಸುವ ಪತ್ರಿಕೆ

ಮಿತ್ರರೊಬ್ಬರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಊಟದ ಮೇಜಿನ ತುಂಬ ಹರಡಿದ್ದ ಅಚ್ಚಾದ ಹಾಳೆಗಳನ್ನೂ ಅಂಟಿನ ಬಟ್ಟಲನ್ನೂ ನೋಡಿ, “ಎಂಟು ಪುಟದ ಮಾಸಪತ್ರಿಕೆ, ಬರೆಯುವವರು ನೀವೊಬ್ಬರೇ. ಎರಡು ದಿನ ಕುಳಿತು ಬರೆದರೆ ಮುಗಿಯಿತು. ತಿಂಗಳಿನ ಉಳಿದ ಇಪ್ಪತ್ತೆಂಟು ದಿನ ಏನು ಮಾಡುತ್ತೀರಿ?” ಎಂದು ಕೇಳಿದರು. ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ, ನಿಜವಾದ ಕುತೂಹಲವೇ ಇತ್ತು. ಆಗ ನಾನು ನಕ್ಕು ಮಾತು ತೇಲಿಸಿದೆ. ಇಂದು ಅದಕ್ಕೆ ಉತ್ತರ ಹೇಳಲು ಯತ್ನಿಸುತ್ತೇನೆ.

ಪತ್ರಿಕೆಯೆಂದರೆ ಬರವಣಿಗೆ ಎಂದು ಹೊರಗಿನವರು ಭಾವಿಸುತ್ತಾರೆ. ಅದನ್ನು ನಡೆಸುವವನ ಕಣ್ಣಿಗೆ ಅದು ಮೊದಲು ಕಾಣುವುದು ಒಂದು ತಾರೀಖಾಗಿ. ನನ್ನ ಪತ್ರಿಕೆ ಪ್ರತಿ ತಿಂಗಳ ಒಂದನೆಯ ತಾರೀಖು ಅಂಚೆಗೆ ಬೀಳಬೇಕು. ಅಂದಿನಿಂದ ನಾಲ್ಕೈದು ದಿನ ಓದುಗರ ಪತ್ರಗಳಿಗೆ ಮೀಸಲು. ಚಂದಾ ಮುಗಿದವರು, ಊರು ಬದಲಿಸಿದವರು, ಹಳೆಯ ಸಂಚಿಕೆ ಕೇಳುವವರು, ಹೋದ ತಿಂಗಳ ತಪ್ಪನ್ನು ಎತ್ತಿ ತೋರಿಸುವವರು: ಎಲ್ಲರಿಗೂ ಉತ್ತರ ಹೋಗಬೇಕು. ಆಮೇಲಿನ ಹತ್ತು ದಿನ ಓದು ಮತ್ತು ಟಿಪ್ಪಣಿ. ಓದಿದ್ದರಲ್ಲಿ ಮುಕ್ಕಾಲು ಪಾಲು ಪತ್ರಿಕೆಗೆ ಬರುವುದೇ ಇಲ್ಲ. ಆದರೆ ಆ ಮುಕ್ಕಾಲು ಪಾಲಿಲ್ಲದೆ ಉಳಿದ ಕಾಲು ಪಾಲು ನಿಲ್ಲುವುದೂ ಇಲ್ಲ. ಬರವಣಿಗೆಗೆ ಒಂದು ವಾರ. ಬರೆದದ್ದು ಒಂಬತ್ತು ಪುಟವಾದರೆ ಒಂದು ಪುಟ ಹೋಗಲೇಬೇಕು. ಯಾವುದು ಚೆನ್ನಾಗಿ ಬಂದಿದೆಯೆಂದು ನಾನು ಬೀಗುತ್ತೇನೋ ಸಾಮಾನ್ಯವಾಗಿ ಅದೇ ಹೋಗುತ್ತದೆ.

ಕರಡಚ್ಚನ್ನು ತಿದ್ದುವ ಕೆಲಸವಂತೂ ಮನುಷ್ಯನ ಅಹಂಕಾರಕ್ಕೆ ಒಳ್ಳೆಯ ಔಷಧಿ. ಮೂರು ಸಲ ನೋಡಿದರೂ ತನ್ನ ತಪ್ಪು ತನಗೆ ಕಾಣುವುದಿಲ್ಲ. ಕಣ್ಣು ಅಚ್ಚಾದುದನ್ನು ಬಿಟ್ಟು ಮನಸ್ಸಿನಲ್ಲಿರುವುದನ್ನೇ ಓದುತ್ತದೆ. ಒಮ್ಮೆ ಬದುಕಿದ್ದ ಹಿರಿಯ ಲೇಖಕರೊಬ್ಬರ ಹೆಸರಿನ ಹಿಂದೆ ‘ದಿವಂಗತ’ ಎಂದು ಅಚ್ಚಾಗಿಬಿಟ್ಟಿತು. ತಪ್ಪು ನನ್ನದೇ. ಅವರು ಒಂದು ಕಾರ್ಡು ಬರೆದು, ತಾವಿನ್ನೂ ಹಳೆಯ ವಿಳಾಸದಲ್ಲಿಯೇ ಇರುವುದಾಗಿ ತಿಳಿಸಿದರು. ಕ್ಷಮಾಪಣೆಯನ್ನು ನಾನು ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿಯೇ ಹಾಕಿದೆ. ದೊಡ್ಡ ಪತ್ರಿಕೆಯಲ್ಲಿ ತಪ್ಪಿನ ಭಾರವನ್ನು ಹತ್ತು ಜನ ಹಂಚಿಕೊಂಡಾರು. ಇಲ್ಲಿ ಹೊರುವ ಹೆಗಲು ಒಂದೇ.

ಈ ಬಗೆಯ ಕೆಲಸದ ಸ್ವರೂಪ ನನಗೆ ಮನದಟ್ಟಾದದ್ದು ಇಂಗ್ಲೆಂಡಿನ ಡಾಕ್ಟರ್ ಸ್ಯಾಮ್ಯುಅಲ್ ಜಾನ್ಸನ್ನನ ಚರಿತ್ರೆಯನ್ನು ಓದಿದಾಗ. 1750ರ ಮಾರ್ಚ್ 20ರಂದು ಆತ ‘ರ‍್ಯಾಂಬ್ಲರ್’ ಎಂಬ ಪತ್ರಿಕೆಯನ್ನು ಲಂಡನ್ನಿನಲ್ಲಿ ಆರಂಭಿಸಿದ. ಹೆಸರು ಹೊಳೆಯುವವರೆಗೆ ಮಲಗುವುದಿಲ್ಲವೆಂದು ರಾತ್ರಿ ಹಾಸಿಗೆಯ ಮೇಲೆ ಕುಳಿತು ಈ ಹೆಸರನ್ನು ಆರಿಸಿದನಂತೆ. ವಾರಕ್ಕೆ ಎರಡು ಸಂಚಿಕೆ, ಮಂಗಳವಾರ ಮತ್ತು ಶನಿವಾರ. ಬೆಲೆ ಎರಡು ಪೆನ್ಸ್. ಎರಡು ವರ್ಷಗಳಲ್ಲಿ 208 ಸಂಚಿಕೆಗಳು ಹೊರಬಂದವು. ಕೆಲವೇ ಕೆಲವನ್ನು ಬಿಟ್ಟರೆ ಎಲ್ಲವನ್ನೂ ಬರೆದವನು ಅವನೊಬ್ಬನೇ. ಅದೇ ಕಾಲದಲ್ಲಿ, 1755ರಲ್ಲಿ ಪ್ರಕಟವಾಗಲಿದ್ದ ಮಹಾನಿಘಂಟಿನ ಕೆಲಸವೂ ಗಫ್ ಸ್ಕ್ವೇರಿನ ಅವನ ಮನೆಯ ಅಟ್ಟದಲ್ಲಿ ನಡೆಯುತ್ತಿತ್ತು. ಲೇಖನವೊಂದಕ್ಕೆ ಸಿಗುತ್ತಿದ್ದುದು ಎರಡು ಗಿನಿ. ಬಿಡಿ ಸಂಚಿಕೆಗಳು ಹೆಚ್ಚು ಮಾರಾಟವಾಗಲಿಲ್ಲ. ಪುಸ್ತಕವಾದ ಮೇಲೆ ಮಾತ್ರ ಮುದ್ರಣದ ಮೇಲೆ ಮುದ್ರಣ ಕಂಡವು.

ಇಷ್ಟು ದೊಡ್ಡ ವಿದ್ವಾಂಸನಾದರೂ ಬಿಡುವಿನಿಂದ ಬರೆದನೆ? ಇಲ್ಲ. ಎಷ್ಟೋ ಲೇಖನಗಳನ್ನು ಅವಸರದಲ್ಲಿ ಬರೆದು, ಮತ್ತೊಮ್ಮೆ ಓದಿ ನೋಡದೆ ಅಚ್ಚಿಗೆ ಕಳುಹಿಸುತ್ತಿದ್ದನೆಂದು ಅವನ ಚರಿತ್ರಕಾರ ಬಾಸ್ವೆಲ್ ಹೇಳುತ್ತಾನೆ. ಕೆಲಸವನ್ನು ನಾಳೆಗೆ ತಳ್ಳುವ ಸೋಮಾರಿತನದ ಮೇಲಿನ ಲೇಖನವನ್ನೇ ಮುದ್ರಣಾಲಯದ ಹುಡುಗ ಕಾಯುತ್ತಿರುವಾಗ ಬರೆದನೆಂಬ ಪ್ರತೀತಿಯೂ ಉಂಟು. ಪುಸ್ತಕರೂಪಕ್ಕೆ ತರುವಾಗ ಅದೇ ಲೇಖನಗಳನ್ನು ಆತ ಕುಳಿತು ಸಾಲುಸಾಲಾಗಿ ತಿದ್ದಿದ. ಬಿಡುವು ಸಿಕ್ಕಾಗ ಬರೆಯೋಣವೆಂದು ಕುಳಿತಿದ್ದರೆ ತಿದ್ದುವುದಕ್ಕೆ ಏನೂ ಇರುತ್ತಿರಲಿಲ್ಲ. ತಾರೀಖು ಲೇಖಕನ ಶತ್ರುವೆಂದು ಮೊದಮೊದಲು ನನಗೂ ತೋರುತ್ತಿತ್ತು. ಈಗ ನೋಡಿದರೆ, ನಾನು ಬರೆದುದರಲ್ಲಿ ಅರ್ಧದಷ್ಟನ್ನು ಬರೆಸಿದ್ದು ಅದೇ.

ನಮ್ಮ ನಾಡಿನಲ್ಲಿಯೂ ಇಂಥ ದುಡಿಮೆಯ ಪರಂಪರೆ ದೊಡ್ಡದು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು, ಹದಿನೈದು ದಿನಕ್ಕೊಂದು ಸಂಚಿಕೆ. ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮಾಸ್ತಿಯವರು ಎರಡು ದಶಕಗಳ ಕಾಲ ‘ಜೀವನ’ ಪತ್ರಿಕೆಯನ್ನು ನಡೆಸಿದರು. ಇವರ ಮುಂದೆ ನನ್ನದು ಅಳಿಲಸೇವೆ. ಆದರೆ ಅಳಿಲಿಗೂ ಮರಳು ಹೊರುವ ಸರದಿ ತಪ್ಪಬಾರದು.

ಒಮ್ಮೆ ತಪ್ಪಿತು. ಆರು ವರ್ಷದ ಹಿಂದೆ ನನ್ನ ಪತ್ನಿ ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಆ ತಿಂಗಳ ಸಂಚಿಕೆ ಹೊರಡಲಿಲ್ಲ. ಹತ್ತನೆಯ ತಾರೀಖಿನ ಹೊತ್ತಿಗೆ ಕಾರ್ಡುಗಳು ಬರತೊಡಗಿದವು. ಪತ್ರಿಕೆ ಏಕೆ ಬರಲಿಲ್ಲವೆಂದು ಒಬ್ಬರೂ ಆಕ್ಷೇಪಿಸಿರಲಿಲ್ಲ. ಎಲ್ಲರೂ ಕೇಳಿದ್ದು ಒಂದೇ: “ಮನೆಯಲ್ಲಿ ಎಲ್ಲರೂ ಕ್ಷೇಮವೆ?” ತಿಂಗಳು ತಿಂಗಳು ಹೋಗುತ್ತಿದ್ದುದು ನನ್ನ ಲೇಖನ ಮಾತ್ರವಲ್ಲ, ನಮ್ಮ ಮನೆಯ ಕ್ಷೇಮಸಮಾಚಾರವೂ ಹೌದೆಂದು ನನಗೆ ತಿಳಿದದ್ದು ಆಗ.

ಇನ್ನೊಂದು ಸಂಗತಿಯೂ ಆಗಲೇ ತಿಳಿಯಿತು. ಆಕೆ ಆಸ್ಪತ್ರೆಯಲ್ಲಿದ್ದಾಗ ಅಚ್ಚಾದ ಹಾಳೆಗಳು ಮನೆಗೆ ಬಂದೇ ಇದ್ದವು. ಮಡಿಸಿ, ಪಿನ್ನು ಹೊಡೆದು, ವಿಳಾಸ ಅಂಟಿಸಿ ಕಳುಹಿಸುವುದು ನನ್ನೊಬ್ಬನಿಂದ ಆಗಲಿಲ್ಲ. ಮುನ್ನೂರಕ್ಕೂ ಮಿಕ್ಕ ವಿಳಾಸಗಳಲ್ಲಿ ಯಾರದು ಬದಲಾಗಿದೆ, ಯಾರ ಪ್ರತಿ ‘ವಿಳಾಸದಾರರಿಲ್ಲ’ ಎಂದು ಹಿಂದಿರುಗಿದೆ ಎಂಬುದು ಆಕೆಗೆ ಬಾಯಿಪಾಠ. ನನಗೆ ಪುಸ್ತಕ ನೋಡಿದರೂ ತಿಳಿಯದು. ಒಬ್ಬನೇ ನಡೆಸುವ ಪತ್ರಿಕೆಯೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ!

ಜಾನ್ಸನ್ನನ ಪತ್ನಿ ಎಲಿಜಬೆತ್, ಮೊದಲ ಕೆಲವು ಸಂಚಿಕೆಗಳನ್ನು ಓದಿ, ಗಂಡ ಇಷ್ಟು ಚೆನ್ನಾಗಿ ಬರೆಯಬಲ್ಲನೆಂದು ತಾನು ಎಣಿಸಿರಲಿಲ್ಲವೆಂದು ಮೆಚ್ಚಿಕೊಂಡಿದ್ದಳು. ಹೊರಗಿನವರ ಹೊಗಳಿಕೆಗಿಂತ ಅದು ಅವನಿಗೆ ಹಿರಿದಾಗಿತ್ತು. ಪತ್ರಿಕೆಯ ಕಡೆಯ ಸಂಚಿಕೆ ಬಂದದ್ದು 1752ರ ಮಾರ್ಚ್ 14ರಂದು. ಮೂರು ದಿನಗಳ ತರುವಾಯ ಆಕೆ ತೀರಿಕೊಂಡಳು. ಈ ಎರಡು ತಾರೀಖುಗಳನ್ನು ನಾನು ಹಿಂದೆಯೂ ಓದಿದ್ದೆ, ಅಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ.

ಈಗ ನನ್ನ ಪತ್ನಿಯ ಮಣಿಕಟ್ಟು ನೋಯುತ್ತದೆ. ಪತ್ರಿಕೆಯನ್ನು ನಿಲ್ಲಿಸೋಣವೆಂದು ನಾನು ಹೇಳಿದರೆ, “ಬೇಡ, ಅಷ್ಟು ಜನ ಕಾಯುತ್ತಾರೆ” ಎನ್ನುತ್ತಾಳೆ. ಹೊರಗಿನವರಿಂದ ಮಡಿಸಿಸೋಣವೆಂದರೆ ಕೂಲಿಗೆ ಚಂದಾ ಸಾಲದು. ಕೊನೆಗೆ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಬರುವ ತಿಂಗಳಿಂದ ಪತ್ರಿಕೆ ನಾಲ್ಕೇ ಪುಟ. ಲೇಖಕನಾಗಿ ನನಗೆ ಇದು ಕಷ್ಟವೇ. ನಾಲ್ಕು ಪುಟದ ಮಾತನ್ನು ಬಿಡಬೇಕಾಗುತ್ತದೆ. ಓದುಗರಲ್ಲಿ ಕೆಲವರು ಗೊಣಗಿಯಾರು. ಆದರೆ ಎಂಟು ಪುಟವೆಂದರೆ ಎರಡು ಹಾಳೆ. ಒಂದರೊಳಗೊಂದನ್ನು ಸೇರಿಸಬೇಕು, ಮಡಿಸಬೇಕು, ಪಿನ್ನು ಹೊಡೆಯಬೇಕು. ನಾಲ್ಕು ಪುಟವೆಂದರೆ ಒಂದೇ ಹಾಳೆ, ಒಂದೇ ಮಡಿಕೆ.

ಉಳಿದ ಇಪ್ಪತ್ತೆಂಟು ದಿನ ಏನು ಮಾಡುತ್ತೀರೆಂದು ಕೇಳಿದ ಮಿತ್ರರಿಗೆ ಇಷ್ಟು ಹೇಳಿದರೆ ಸಾಕೆಂದು ತೋರುತ್ತದೆ. ಮಡಿಸುವುದನ್ನು ನಾನೂ ಕಲಿಯುತ್ತಿದ್ದೇನೆ. ನನ್ನ ಮಡಿಕೆ ಇನ್ನೂ ಸೊಟ್ಟಗೇ ಬರುತ್ತದೆ.

(ಬಾನುಲಿ ಭಾಷಣ)